ಬಾಗಿಲ ಹಿಂದಿನ ಮೇಜು

ನರ್ಸಮ್ಮನ ಬೆರಳಿಗೆ ಸೂಜಿ ಚುಚ್ಚಿಸಿದವನು ನಾನು. ಡಾಕ್ಟರ ದನಿಯಲ್ಲಿ, ಡಾಕ್ಟರ ಕೆಮ್ಮು ಸಮೇತ. ಆಗ ನಾನು ಸಿಕ್ಕವರ ದನಿಯನ್ನೆಲ್ಲ ಕದಿಯುತ್ತಿದ್ದೆ — ಕೊಟ್ಟೂರು ಬಸ್ಸಿನ ಕಂಡಕ್ಟರು, ತಂಬ್ರಹಳ್ಳಿಯ ಸೋದರತ್ತೆ, ಬೈಸಿಕೊಂಡು ತೊದಲುವ ನನ್ನನ್ನೂ ಬಿಡುತ್ತಿರಲಿಲ್ಲ. ಎಲ್ಲ ದನಿಯೂ ಬರುತ್ತಿತ್ತು. ಬೇಕಾದ ದಿನ ಸ್ವಂತದ್ದು ಬರಲಿಲ್ಲ.

ತೊಂಬತ್ತರ ದಶಕದ ಕೊನೆ. ಕೂಡ್ಲಿಗಿ ಕಡೆಯ ಒಂದು ಆಸ್ಪತ್ರೆ — ಹೆಸರು ಬೇಡ — ಅಲ್ಲಿ ನಾನು ಚೀಟಿ ಕೊಡುವವ. ಇಂಜೆಕ್ಷನ್ ಕೋಣೆಯಲ್ಲಿ ಮುರಿದ ಮಂಚಗಳು, ಡಾಕ್ಟರ ಸ್ಕೂಟರು. ಹಾಗಾಗಿ ನರ್ಸ್ ಶಾಂತಮ್ಮ ಸೂಜಿ ಹಾಕುತ್ತಿದ್ದುದು ಹಜಾರದ ಬಾಗಿಲ ಹಿಂದಿನ ಮೇಜಿನಲ್ಲಿ. ಬಾಗಿಲು ತೆರೆದಾಗಲೆಲ್ಲ ಅವರ ಮೊಣಕೈಗೆ ಬಡಿತ. ಬಳಸಿದ ಸೂಜಿ ಎಸೆಯಲು ಡಬ್ಬಿಯಿಲ್ಲ. ಕೈಯಿಂದಲೇ ಮುಚ್ಚಳ ಹಾಕಬೇಕು. "ಕೋಣಿ ಬಿಡಿಸಿಕೊಡ್ರಿ ಸಾರ್" — ಅವರ ಈ ಮಾತನ್ನೂ ನಾನು ಅಣಕಿಸುತ್ತಿದ್ದೆ.

ಸಂತೆಯ ದಿನ, ಜನ ಕಿಕ್ಕಿರಿದಿದ್ದರು. ಹೊರಗಿನಿಂದ ಡಾಕ್ಟರಂತೆ ಕೆಮ್ಮಿ, "ಸಿಸ್ಟರ್, ಇದೇನು ಮದುವೆ ಮನೆಯಾ?" ಎನ್ನುತ್ತ ಬಾಗಿಲು ನೂಕಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಸೂಜಿ ಚುಚ್ಚಿದ ಬೆರಳು ಹಿಡಿದು ನಿಂತಿದ್ದರು. ರಕ್ತ, ಒಂದೇ ಹನಿ — ನಾನು ಜನರೊಳಗೆ ಜಾರಿಕೊಂಡೆ.

ಆ ಸೂಜಿ ಹಾಕಿಸಿಕೊಂಡವ ಆಗಲೇ ಸಂತೆ ಸೇರಿದ್ದ. ಅವನ ರಕ್ತದಲ್ಲಿ ಯಾವ ರೋಗವಿತ್ತೋ. ಶಾಂತಮ್ಮನಿಗೆ ಮೊಲೆ ಕುಡಿಯುವ ಕೂಸಿತ್ತು. ಬಳ್ಳಾರಿಯ ಪರೀಕ್ಷೆ ಏನೂ ಇಲ್ಲ ಅನ್ನುವವರೆಗೆ ಅವರು ಅದಕ್ಕೆ ಹಾಲು ಕೊಡಲಿಲ್ಲ — ಇದನ್ನು ಯಾರ ದನಿಯಲ್ಲಿ ಹೇಳಲಿ?

ಡಾಕ್ಟರು, "ನಿಮ್ಮದೇ ಅಜಾಗರೂಕತೆ, ಒಪ್ಪಿಕೊಳ್ಳಿ" ಎಂದರು. ನಾನು ಅಲ್ಲೇ ಇದ್ದೆ, ಚೀಟಿ ಎಣಿಸುತ್ತ. ಶಾಂತಮ್ಮ ಸೂಜಿಯ ಟ್ರೇ ತಂದು ಡಾಕ್ಟರ ಮೇಜಿನ ಮೇಲಿಟ್ಟರು.

"ಕೋಣಿ ಖಾಲಿ ಆಗೋತನಕ ಸೂಜಿ ಇಲ್ಲೇ ಹಾಕ್ತೀನಿ. ನೀವು ಬಾಗ್ಲ ಹಿಂದ ಕುಂತು ನೋಡ್ರಿ."

ಹಾಗೇ ಮಾಡಿದರು. ಆ ವಾರವೇ ಸ್ಕೂಟರು ಬೇವಿನ ಮರದ ಕೆಳಗೆ ಬಂತು.

ಮೇಜನ್ನು ಅಲ್ಲಿ ಇಟ್ಟವರು ಇವತ್ತಿಗೂ ಒಪ್ಪಿಕೊಂಡಿಲ್ಲ. ಒಪ್ಪದಿರಲಿ, ಬಾಗಿಲು ನೂಕಿದ ಕೈ ನನ್ನದು. ವರ್ಷಗಳ ಮೇಲೆ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಶಾಂತಮ್ಮ ಸಿಕ್ಕರು, ಪಕ್ಕದಲ್ಲಿ ಅವರೆತ್ತರಕ್ಕೆ ಬೆಳೆದ ಮಗಳು. ಹುಡುಗಾಟದ ವಯಸ್ಸು, ಹಾಗೆ, ಹೀಗೆ — ಬಾಯಿಗೆ ಬಂದದ್ದನ್ನೆಲ್ಲ ನುಂಗಿ, ಇಷ್ಟೇ ಹೇಳಿದೆ: "ಅವತ್ತು ಬಾಗ್ಲ ನೂಕಿದ್ದು ನಾನ್ರಿ, ಸಿಸ್ಟರ್."

"ಅವತ್ತೇ ಗೊತ್ತಿತ್ತು ಬಿಡಲೇ. ಡಾಕ್ಟರ್ ಸಾಹೇಬ್ರು ಒಂದಿನಾನೂ ಆ ಬಾಗ್ಲಿಗೆ ಬಂದವರಲ್ಲ. ನಿನ್ನ ಹೆಸರು ಹೇಳಿದ್ರ ನಿನ್ನ ಹೊರಗ ಹಾಕ್ತಿದ್ರು, ಮೇಜು ಅಲ್ಲೇ ಇರ್ತಿತ್ತು."