ಪತ್ರೆ ಅವ್ವನ ಮುಡಿಪು

ಇವತ್ತು ಬೆಳಿಗ್ಗೆ ಅಂಗಡಿಯ ಶಟರ್‌ಗೆ ಬಣ್ಣ ಹೊಡೆಸುತ್ತಿದ್ದೆ. ಎನಾಮೆಲ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು. ಎದ್ದು ರಸ್ತೆಗೆ ಬಂದು ನಿಂತೆ. ಅರ್ಧ ಆಯುಷ್ಯ ಗೋಡೆಗೂ ಬೋರ್ಡಿಗೂ ಬಣ್ಣ ಬಳಿದೇ ಅನ್ನ ಉಂಡವನಿಗೆ ಬಣ್ಣದ ವಾಸನೆ ಆಗಿಬರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಈಗ ನನ್ನದು ಟಿ. ನರಸೀಪುರದಲ್ಲಿ ಫ್ಲೆಕ್ಸ್ ಅಂಗಡಿ, ಕುಂಚ ಬಿಟ್ಟು ಯಾವ ಕಾಲವಾಯಿತೋ. ಆದರೂ ಆ ವಾಸನೆ ಬಂದರೆ ನನಗೆ ಕಾಣುವುದು ನಂಜನಗೂಡಿನ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಗೋಡೆ, ಅದರ ಮುಂದೆ ನಿಂತ ಪತ್ರೆ ಅವ್ವ...

ಅವಳು ನಮ್ಮ ಪಕ್ಕದ ಮನೆಯವಳು. ದೇವಸ್ಥಾನದ ಮುಂದೆ ಗೋಣಿತಾಟು ಹಾಸಿಕೊಂಡು ಬಿಲ್ವಪತ್ರೆ ಮಾರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಇದ್ದವನು ಒಬ್ಬನೇ ಮಗ. ಬಾಯಿ ಜೋರು. ಚೌಕಾಸಿ ಮಾಡಿದವರನ್ನು, ನಂಜುಂಡಪ್ಪನ ಹತ್ತಿರ ವರ ಕೇಳುವಾಗಲೂ ಹೀಗೇ ಚೌಕಾಸಿ ಮಾಡುತ್ತೀರಾ ಎಂದು ಮುಖಕ್ಕೆ ಹೊಡೆದಂತೆ ಕೇಳಿಬಿಡುತ್ತಿದ್ದಳು. ಎಂಥ ಗಿರಾಕಿ ಬಂದರೂ ಬುಟ್ಟಿಯ ಕೊನೆಯ ಹಿಡಿಯನ್ನು ಮಾತ್ರ ಮಾರುತ್ತಿರಲಿಲ್ಲ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಾನೇ ಒಳಗೆ ಹೋಗಿ, ದೇವರಿಗೆ ಕೊಟ್ಟು, ಮನೆಯ ಕಷ್ಟಸುಖವನ್ನೆಲ್ಲ ಅಲ್ಲೇ ನಿಂತು ಗಟ್ಟಿಯಾಗಿ ಒದರಿ ಬರುತ್ತಿದ್ದಳು. ತವರುಮನೆಗೆ ಹೋಗಿ ಬಂದವಳ ಹಾಗೆ ಹಗುರಾಗಿ ಬರುತ್ತಿದ್ದಳು.

ಮಗ ನನ್ನ ಓರಗೆಯವನು, ಸೈನ್ಯಕ್ಕೆ ಸೇರಿದ್ದ. ಕಾರ್ಗಿಲ್ ಯುದ್ಧ ಶುರುವಾದಾಗ ಅವನ ಕಾಗದ ಬರುವುದು ನಿಂತಿತು. ಅವ್ವ ತೆಗೆದಿಟ್ಟಿದ್ದ ತನ್ನ ತಾಳಿಯ ಚಿನ್ನದ ಗುಂಡುಗಳನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ, ಮಗ ಜೀವಸಹಿತ ಬಂದರೆ ಇದು ನಿನಗೇ ಎಂದು ನಂಜುಂಡೇಶ್ವರನಿಗೆ ಮುಡಿಪು ಕಟ್ಟಿದಳು. ಮುಡಿಪು ಕಟ್ಟಿದ ಮೇಲೆ ಅದು ನಮ್ಮ ಮನೆಯಲ್ಲಿದ್ದರೂ ನಮ್ಮದಲ್ಲ. ಉಪವಾಸ ಬಿದ್ದರೂ ಬಿಚ್ಚುವಂತಿಲ್ಲ. ನಮ್ಮ ಕಡೆ ಇದು ಚಿಕ್ಕ ಮಕ್ಕಳಿಗೂ ಗೊತ್ತು, ನನಗೂ ಗೊತ್ತಿತ್ತು.

ಆಗಲೇ ನಮ್ಮ ಬೀದಿಯ ಯುವಕರ ಸಂಘದವರು ಸೈನಿಕರ ನಿಧಿಗೆ ದೇಣಿಗೆ ಎತ್ತಲು ಹೊರಟರು. ಗೋಡೆ ಬರೆಯುವ ಕೆಲಸ ನನ್ನದು. ಮೊದಲು ಟ್ಯಾಂಕು, ಬಾವುಟ, ಹಿಮದ ಬೆಟ್ಟ ಎಲ್ಲ ಬರೆದೆ. ಜನ ನಿಂತು ನೋಡಿದರು, ಭೇಷ್ ಅಂದರು, ಕಾಫಿ ಕುಡಿಯಲು ಹೋದರು. ಕೆಳಗಿಟ್ಟಿದ್ದ ದೇಣಿಗೆ ಡಬ್ಬಿ ಖಾಲಿ. ಸಂಘದ ಅಧ್ಯಕ್ಷರು ಬಟ್ಟೆ ವ್ಯಾಪಾರಿ, ಗಿರಾಕಿಯ ನಾಡಿ ಬಲ್ಲವರು.

“ಟ್ಯಾಂಕ್ ನೋಡಿ ಯಾರ್ ಕೊಡ್ತಾರಯ್ಯ? ಮುಖ ಬರಿ. ನೋಡ್ದೋನು ತಲೆ ತಗ್ಗಿಸ್ಬೇಕು” ಅಂದರು.

ಬರೆದೆ. ಗೋಡೆ ತುಂಬ ಒಬ್ಬ ಸೈನಿಕನ ಮುಖ, ಮುಂದೆ ಚಾಚಿದ ಅಂಗೈ. ಕಣ್ಣಿನ ಪಾಪೆಯನ್ನು ಸರಿಯಾಗಿ ನಡುವೆ ಇಟ್ಟರೆ ಎತ್ತಲಿಂದ ಬಂದವನನ್ನೂ ಅದು ನೋಡುತ್ತದೆ, ನಮ್ಮ ಕಸುಬಿನ ಹಳೆಯ ಉಪಾಯ ಅದು. ಕೆಳಗೆ, “ನಾನು ಇಲ್ಲಿ ನಿಂತಿದ್ದೇನೆ. ನೀವು ಸುಮ್ಮನೆ ಹೋಗುತ್ತೀರಾ?” ಎಂದು ಬರೆದೆ. ಇಷ್ಟು ಕೊಡಿ ಎಂದು ಬರೆಯಲಿಲ್ಲ. ಬರೆದರೆ ಅಷ್ಟು ಹಾಕಿ ಕೈ ತೊಳೆದುಕೊಳ್ಳುತ್ತಾರೆ, ಬರೆಯದಿದ್ದರೆ ಎಷ್ಟು ಹಾಕಿದರೂ ಕಮ್ಮಿಯಾಯಿತೇನೋ ಎಂದು ಕೊರೆಯುತ್ತದೆ. ಇದು ನನ್ನದೇ ತಲೆ. ಆಗ ಎಷ್ಟು ಬೀಗಿದ್ದೆ!

ಮುಖ ಅವ್ವನ ಮಗನದು. ನಾನು ಕಂಡ ಸೈನಿಕ ಅವನೊಬ್ಬನೇ, ಕೈ ತಾನಾಗಿ ಅವನನ್ನೇ ಬರೆಯಿತು ಎಂದು ಕೇಳಿದವರಿಗೆಲ್ಲ ಹೇಳಿದೆ. ಸುಳ್ಳು. ಅವನ ಹುಬ್ಬಿನ ಮೇಲಿನ ಗಾಯದ ಗುರುತನ್ನು ಬೇಕೆಂದೇ ಇಟ್ಟೆ, ನಮ್ಮೂರ ಹುಡುಗ ಅಂತ ಗೊತ್ತಾದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ ಎಂದು. ಅವನ ತಾಯಿಯೂ ಅದೇ ದಾರಿಯಲ್ಲಿ ಓಡಾಡುವವಳು ಎಂದು ಹೊಳೆಯಲೇ ಇಲ್ಲವೇ... ಹೊಳೆದಿತ್ತು ಅನ್ನಿಸುತ್ತದೆ.

ಯಾರೋ ಹೇಳಿದರಂತೆ, ನಿನ್ನ ಮಗ ಗೋಡೆ ಮೇಲಿದ್ದಾನೆ ಎಂದು. ಅವ್ವ ಬಂದು ಬಹಳ ಹೊತ್ತು ನೋಡಿ ಹೋದಳು. ಮರುದಿನ ನಾನು ಏಣಿ ಮೇಲೆ ನಿಂತು ಅಕ್ಷರ ತಿದ್ದುತ್ತಿದ್ದಾಗ ಮತ್ತೆ ಬಂದಳು. ಕೈಯಲ್ಲಿ ಅರಿಶಿನದ ಗಂಟು.

“ನನ್ ಕೂಸು ಕೈ ಚಾಚ್ಕಂಡು ನಿಂತದೆ. ಎತ್ತ ತಾಯಿ ನಾನು, ಎಂಗ್ಲಾ ಸುಮ್ನೆ ಓಗ್ಲಿ?”

ಏಣಿ ಇಳಿದು, ಅವ್ವ, ಇದು ಬರೀ ಬಣ್ಣ, ಅವನೇನೂ ಕೇಳಿಲ್ಲ, ಮುಡಿಪು ಮನೆಗೆ ತಗೊಂಡು ಹೋಗು ಅನ್ನಬೇಕಿತ್ತು. ನಾನು ಇಳಿಯಲೂ ಇಲ್ಲ.

“ಕೊಡವ್ವ, ದೇವ್ರಿಗೆ ಕೊಟ್ಟಂಗೇ” ಅಂದೆ.

ಅಧ್ಯಕ್ಷರು ಮೈಕಿನಲ್ಲಿ ಅವಳನ್ನು ವೀರಮಾತೆ ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಪತ್ರೆ ಮಾರುವವಳೇ ಕೊಟ್ಟ ಮೇಲೆ ಉಳಿದವರು ಹೇಗೆ ಸುಮ್ಮನಿರುತ್ತಾರೆ, ಸಂಜೆಯೊಳಗೆ ಡಬ್ಬಿ ತುಂಬಿತು. ದೇಣಿಗೆಯೆಲ್ಲ ಸೇರಬೇಕಾದ ಕಡೆಗೇ ಸೇರಿತು, ಅದರಲ್ಲಿ ಯಾರೂ ಕೈ ಹಾಕಲಿಲ್ಲ. ಇದನ್ನು ನೆನೆದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ.

ಯುದ್ಧ ಮುಗಿದು ಮಗ ರಜದ ಮೇಲೆ ಬಂದ. ಬೀದಿಗೆ ಬೀದಿಯೇ ನೆರೆದು ಯುದ್ಧದ ಕಥೆ ಕೇಳಿತು. ಪಾಪ, ಅವನಿಗೆ ನಾಚಿಕೆ. ಗಡಿಯ ಹತ್ತಿರಕ್ಕೂ ಹೋಗಿರಲಿಲ್ಲವಂತೆ, ಯಾವುದೋ ದೂರದ ಊರಿನ ಗೋದಾಮಿನಲ್ಲಿ ಕಂಬಳಿ, ಬೂಟುಗಳ ಉಸ್ತುವಾರಿಯಂತೆ. ಯುದ್ಧವನ್ನು ನಾನೂ ಟಿವಿಯಲ್ಲೇ ನೋಡಿದ್ದು ಎಂದು ನಕ್ಕ. ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ನಗುತ್ತಲೇ ಒಮ್ಮೆ ನನ್ನ ಕಡೆ ನೋಡಿದಳು.

ಆಮೇಲೆ ಅವಳು ದೇವಸ್ಥಾನದ ಒಳಗೆ ಕಾಲಿಡಲಿಲ್ಲ. ಮಗ ಕರೆದರೆ ಮಂಡಿನೋವು ಅನ್ನುತ್ತಿದ್ದಳು. ಹೊರಗೆ ಕೂತು ಪತ್ರೆ ಮಾರುವುದು ಮಾತ್ರ ತಪ್ಪಲಿಲ್ಲ. ಕೊನೆಯ ಹಿಡಿಯನ್ನು ಒಳಗೆ ಹೋಗುವವರು ಯಾರಾದರೂ ಸಿಕ್ಕರೆ ಅವರ ಕೈಗೆ ಹಾಕಿ ಕಳಿಸುತ್ತಿದ್ದಳು. ಒಂದು ಸಂಜೆ ನನ್ನ ಕೈಗೇ ಹಾಕಿದಳು. ನನಗೆ ತಡೆಯಲಾಗಲಿಲ್ಲ. ದೇವರು ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವವನಲ್ಲ, ಬೇಕಾದರೆ ಇನ್ನೊಂದು ಮುಡಿಪು ಕಟ್ಟು, ಗುಂಡು ನಾನು ಮಾಡಿಸಿಕೊಡುತ್ತೇನೆ ಅಂದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಆವಪ್ಪಂಗೆ ಅಂತ ಇಟ್ಟಿದ್ದನ್ನ ತಗ್ದು ಇನ್ನೊಬ್ರಿಗೆ ಕೊಟ್ಬುಟ್ಟೆ. ಆದ್ರೂವೆ ಆವಪ್ಪ ನನ್ ಮಗನ್ನ ಕಾದು ಕೊಟ್ಟ. ಇನ್ ಯಾವ ಮೊಕ ಇಟ್ಕಂಡು ಒಳಿಕ್ಕೋಗ್ಲಿ?” ಅಂದಳು. ಬುಟ್ಟಿ ಮಗುಚಿಡುತ್ತ, “ಅದು ಮುಡಿಪು ಅಂತ ಅವ್ನಿಗೆ ಯೋಳ್ಬ್ಯಾಡ ಕಣ್ಲಾ, ನೊಂದ್ಕತನೆ” ಅಂದಳು.

ಅವಳಿಂದ ನಾನು ಒಡವೆಯನ್ನಷ್ಟೇ ಕೀಳಲಿಲ್ಲ. ದಿನಾ ಸಂಜೆ ಹೋಗಿ ಬರುತ್ತಿದ್ದ ಆ ಒಂದು ಮನೆಯ ಬಾಗಿಲನ್ನೇ ಮುಚ್ಚಿಸಿದೆ. ದಿನವೂ ಅವಳ ಬುಟ್ಟಿಯ ಮುಂದೆ ಹಾದುಹೋಗಲಾರದೆ, ಅಲ್ಲಿ ವ್ಯಾಪಾರ ಚೆನ್ನಾಗಿದೆ ಎಂದು ಮನೆಯವರಿಗೆ ಹೇಳಿ ನರಸೀಪುರಕ್ಕೆ ಬಂದುಬಿಟ್ಟೆ. ಈಗಲೂ ಯುದ್ಧದ ಸುದ್ದಿ ಎದ್ದಾಗ ಯಾರಾದರೂ ಸೈನಿಕರ ನಿಧಿಗೆ ಫ್ಲೆಕ್ಸ್ ಮಾಡಿಸಲು ಬರುತ್ತಾರೆ. ಅಕ್ಷರ ಹಾಕುತ್ತೇನೆ, ಕ್ಯೂಆರ್ ಕೋಡ್ ಹಾಕುತ್ತೇನೆ. ಮುಖ ಹಾಕುವುದಿಲ್ಲ.

ಹೋದ ತಿಂಗಳು ಪತ್ರೆ ಅವ್ವ ತೀರಿಕೊಂಡಳು. ತಿಥಿಗೆ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಲು ಮಗ ನನ್ನ ಹತ್ತಿರವೇ ಬಂದ. ಸೈನ್ಯದಿಂದ ನಿವೃತ್ತನಾಗಿ ಈಗ ಫ್ಯಾಕ್ಟರಿಯೊಂದರಲ್ಲಿ ಸೆಕ್ಯೂರಿಟಿ. ಮೊಬೈಲಿನಲ್ಲಿ ಅವ್ವನ ಫೋಟೊ ತೋರಿಸಿದ. ಗೋಣಿತಾಟಿನ ಮೇಲೆ ಕೂತು ಯಾರಿಗೋ ಕೈಮುಗಿಯುತ್ತಿದ್ದಳು. ಆ ರಸ್ತೆ, ಬುಟ್ಟಿ ಎಲ್ಲ ತೆಗೆದು ಅವಳನ್ನು ನಂಜುಂಡೇಶ್ವರನ ಎದುರು ಕೂರಿಸಿಕೊಡು ಅಂದ. ಕೂತವನು ಮೆಲ್ಲಗೆ ಕೇಳಿದ.

“ಅವ್ವ ಯಾಕ್ಲಾ ಗುಡಿ ಒಳಿಕೆ ಓಗದ್ನೇ ಬುಟ್ಬುಟ್ಳು? ನಿಂಗೇನಾರ ಯೋಳಿದ್ಲಾ?”

“ಇಲ್ಲ ಕಣ್ಲಾ” ಅಂದೆ.

ಅವಳ ಮಾತು ಉಳಿಸಿದೆನೋ, ನನ್ನ ಮಾನ ಉಳಿಸಿಕೊಂಡೆನೋ ನನಗೇ ತಿಳಿಯದು. ಕಂಪ್ಯೂಟರಿನಲ್ಲಿ ಅವಳನ್ನು ರಸ್ತೆಯಿಂದ ಬಿಡಿಸಿ, ಹೊಸ್ತಿಲು ದಾಟಿಸಿ, ದೇವರ ಮುಂದೆ ಕೂರಿಸಿದೆ. ಬದುಕಿರುವಷ್ಟು ಕಾಲ ಬರಲಾರೆ ಅಂದವಳು ನನ್ನ ಕೈಯಲ್ಲಿ ಸಲೀಸಾಗಿ ಬಂದು ಕೂತಳು. ಮಗ ಕಣ್ಣೊರೆಸಿಕೊಂಡು, ಅವ್ವ ನಿಜವಾಗಿ ಅಲ್ಲೇ ಕೂತಂಗದೆ ಅಂದ. ನಾನು ಪ್ರಿಂಟಿಗೆ ಹಾಕಿದೆ.