ಹಾಲವ್ವನ ಕೆಂಡಾಮಂಡಲ

ಕೆಂಡಾಮಂಡಲ ಎಂಬ ಮಾತನ್ನು ಈಗ ಯಾರು ಬೇಕಾದರೂ ಬಳಸುತ್ತಾರೆ. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಗಂಡ ಕೆಂಡಾಮಂಡಲ, ಲೋಕಲ್ ರೈಲು ತಡವಾದರೆ ಪ್ಲಾಟ್‌ಫಾರ್ಮೇ ಕೆಂಡಾಮಂಡಲ. ನಿಘಂಟು ತೆರೆದರೆ ಕಡುಕೋಪ ಎಂದು ಬರೆದು ಕೈತೊಳೆದುಕೊಂಡಿರುತ್ತದೆ. ಕೆಂಡವೇಕೆ, ಮಂಡಲವೇಕೆ ಎಂದು ಕೇಳಿದರೆ ಉತ್ತರವಿಲ್ಲ. ನನಗೆ ಉತ್ತರ ಸಿಕ್ಕಿದ್ದು ಮುಂಬೈಯ ಚೆಂಬೂರಿನ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ, ಇಸ್ತ್ರಿಯ ಹಾಲವ್ವನ ಹತ್ತಿರ.

ಹಾಲವ್ವ ಕಲಬುರಗಿ ಕಡೆಯವಳು. ಕರೆಂಟಿನ ಇಸ್ತ್ರಿ ಮುಟ್ಟುವುದಿಲ್ಲ. ಅವಳದು ಇದ್ದಿಲಿನ ಪೆಟ್ಟಿಗೆ. ನಾನು ಎತ್ತಿದರೆ ತೋಳೇ ಕಳಚಿ ಬರಬೇಕು, ಅಷ್ಟು ಭಾರ. ಕೆಂಡ ಮಂಕಾದಾಗ ಪೆಟ್ಟಿಗೆಯನ್ನು ಹಿಡಿದು ಗಾಳಿಯಲ್ಲಿ ಸುತ್ತ ಬೀಸುತ್ತಾಳೆ. ತೂತುಗಳಿಂದ ಇಣುಕುವ ಕೆಂಪು, ಮೆಟ್ಟಿಲಡಿಯ ಕತ್ತಲಲ್ಲಿ ಚಕ್ರವಾಗುತ್ತದೆ. ಪಂಡಿತರು ಏನೇ ಹೇಳಲಿ, ಕೆಂಡದ ಮಂಡಲ ಎಂದರೆ ಇದೇ ಎಂದು ನಾನು ತೀರ್ಮಾನಿಸಿದ್ದೆ. ಅವಳ ಸಿಟ್ಟೂ ಹಾಗೆಯೇ ಇತ್ತು. ನೀನೇ ಅಂಗಿ ಕದ್ದೆ ಎಂದ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿಯನ್ನು ಕಾಲರ್ ಹಿಡಿದು ಗೇಟಿನವರೆಗೆ ದರದರ ಎಳೆದುಕೊಂಡು ಹೋದವಳು ಅವಳು.

ತಾಯಿ ಸತ್ತಾಗ ತಮ್ಮ ಗುರುಪಾದನನ್ನು ಸೊಂಟದ ಮೇಲೆ ಹೊತ್ತುಕೊಂಡು ಮುಂಬೈಗೆ ಬಂದಳು. ತಾನೇ ಸಾಕಿದಳು. ಮಗಳು ಶಿವಕುಮಾರಿ ದೊಡ್ಡವಳಾದಾಗ, ಅವರ ಕಡೆಯ ಪದ್ಧತಿಯಂತೆ, ಸೋದರಮಾವನಾದ ಅವನಿಗೇ ಕೊಟ್ಟಳು. ನಾವು ಉಡುಪಿ ಕಡೆಯವರು, ನಮ್ಮಲ್ಲಿ ಆ ಪದ್ಧತಿಯಿಲ್ಲ, ನಾನು ಬೇಡವೆಂದೆ. "ಮೋಹಿನಿಬಾಯಾರ, ಹೊರಗಿನವರಿಗೆ ಕೊಟ್ಟು ಹೆದರಿ ಸಾಯೂದ್ಯಾಕ? ನನ್ನ ಕೈಯಾಗ ಬೆಳದ ಹುಡುಗ" ಅಂದಳು.

ಕಳೆದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಸೀರೆ ತರಲು ಕೆಳಗಿಳಿದಿದ್ದೆ. ಶಿವಕುಮಾರಿ ವಿಕ್ರೋಳಿಯ ಗಂಡನ ಮನೆಯಿಂದ ಬಂದು ಅವ್ವನ ಮೇಜಿನ ಪಕ್ಕ ನಿಂತಿದ್ದಳು. ಆ ಸೆಕೆಯಲ್ಲೂ ಸೆರಗು ಕುತ್ತಿಗೆಗೆ ಸುತ್ತಿತ್ತು. ಹಾಲವ್ವ ಅದನ್ನು ಕಿತ್ತಳು. ಬೆನ್ನಿನ ಮೇಲ್ಭಾಗದಲ್ಲಿ ಬೆರಳುದ್ದದ ಎರಡು ಬರೆ. ಒಂದು ಇನ್ನೂ ಒಸರುತ್ತಿತ್ತು.

"ಯಾತರಲೆ ಸುಟ್ಟ?"

"ಚಮಚಾ ಕಾಸಿ. ಫೋನಿನ್ಯಾಗ ಭಾಳ ಮಾತಾಡ್ತಿ ಅಂತ."

ಹಾಲವ್ವ ಪೆಟ್ಟಿಗೆಗೆ ಇದ್ದಿಲು ತುಂಬಿ ಬೀಸಿದಳು. ಕೆಂಪಾದ ಮೇಲೆ ರಿಕ್ಷಾ ನಿಲ್ಲಿಸಿದಳು. "ಬ್ಯಾಡವ್ವ" ಎಂದು ಅಳುತ್ತಲೇ ಮಗಳು ಹತ್ತಿದಳು, ನಾನೂ ಹತ್ತಿದೆ. ತಡೆಯಲು ಹೋದೆ ಎಂದು ಬಿಲ್ಡಿಂಗಿನವರಿಗೆ ಹೇಳಿದ್ದೇನೆ. ನಿಜವೆಂದರೆ ಅವನಿಗೆ ಏಟು ಬೀಳುವುದನ್ನು ಕಣ್ತುಂಬ ನೋಡಬೇಕಿತ್ತು. ದಾರಿಯುದ್ದಕ್ಕೂ ಹಾಲವ್ವ ಪೆಟ್ಟಿಗೆಯನ್ನು ಹೊರಗೆ ಗಾಳಿಗೆ ಹಿಡಿದಿದ್ದಳು. ರಿಕ್ಷಾದವನು ಕನ್ನಡಿಯಲ್ಲಿ ಒಮ್ಮೆ ನೋಡಿ ತೆಪ್ಪಗೆ ಓಡಿಸಿದ.

ಗುರುಪಾದ ಚಾಳಿನ ತನ್ನ ಕೋಣೆಯ ಹೊಸ್ತಿಲಲ್ಲಿ ಕೂತು ಹಲ್ಲುಜ್ಜುತ್ತಿದ್ದ. "ಬಾ ಅಕ್ಕಾ" ಎಂದು ಎದ್ದ. ಎದ್ದ ಮುಖಕ್ಕೆ ಅವಳು ಪೆಟ್ಟಿಗೆಯಿಂದಲೇ ಬಾರಿಸಿದಳು. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವನ ಎದೆಯ ಮೇಲೆ ಮೊಣಕಾಲೂರಿ, ಬಲಗೈಯನ್ನು ನೆಲಕ್ಕೆ ಅದುಮಿ, ಅಂಗೈ ಮೇಲೆ ಇಸ್ತ್ರಿ ಇಟ್ಟಳು. ಚುರ್ರೆಂದಿತು. ಅವನು ಹೋರಿಯ ಹಾಗೆ ಅರಚಿದ. ಚಾಳಿನವರೆಲ್ಲ ಓಡಿಬಂದರು, ಹತ್ತಿರ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಅವನು ಒದ್ದು ಬಿಡಿಸಿಕೊಂಡ. ಮುಚ್ಚಳ ತೆರೆದು ಕೆಂಡ ನೆಲಕ್ಕೆ ಚೆಲ್ಲಿತು. ರಕ್ತ ಉಗುಳುತ್ತ, ಎಡಗೈಯಿಂದ ಲುಂಗಿ ಎತ್ತಿ ತೊಡೆ ತೋರಿಸಿದ. ಅಲ್ಲಿಯೂ ಬೆರಳುದ್ದದ ಎರಡು ಬರೆ, ಹಳೆಯವು.

"ಇವು ಯಾರು ಹಾಕಿದ್ದು ಹೇಳಕ್ಕಾ! ರೊಟ್ಟಿ ಕದ್ದು ತಿಂದೆ ಅಂತ ಚಮಚಾ ಕಾಸಿ ಹಾಕಿದಿ. ಬರಿ ಬೀಳಲಾರದ ಬುದ್ಧಿ ಬರೂದಿಲ್ಲ ಅಂದಿ. ನಾ ಬ್ಯಾರೆ ಯಾರ ಕಡೆ ಕಲೀಲಿ?"

ಹಾಲವ್ವನ ಕೈ ಕೆಳಗಿಳಿಯಿತು. ಪದದ ಮೂಲ ಕಂಡುಹಿಡಿದವಳಂತೆ ಬೀಗಿದ್ದೆನಲ್ಲ, ಅದರ ಮೂಲ ಈ ತೊಡೆಯ ಮೇಲಿತ್ತು. ಹಸಿದ ಹುಡುಗನ ತೊಡೆಯಿಂದ ಹೊರಟ ಬೆಂಕಿ ಹೆಂಡತಿಯ ಬೆನ್ನಿಗೆ ಬಂದು ಮುಟ್ಟಿತ್ತು.

"ಖರೇ ಏನವ್ವ?" ಶಿವಕುಮಾರಿ ಕೇಳಿದಳು.

"ಅವಾಗ ನನಗೂ ಬುದ್ಧಿ ಇರಲಿಲ್ಲವ್ವ. ನಡಿ, ಮನಿಗಿ ಹೋಗೂಣು."

"ನೀನಽ ಹಿಂಗ ಬೆಳಸಿದಿ. ಬೆಳಸಿ ನನ್ನ ಕೊಟ್ಟಿ. ನಿನ್ನ ಮನಿಗೂ ನಾ ಬರೂದಿಲ್ಲ."

ಒಳಗೆ ಹೋಗಿ ಬಟ್ಟೆಯ ಬ್ಯಾಗು ತಂದಳು. ಕೆಂಡ ದಾಟಿ ಹೊರಟಳು. ಕೈಹಿಡಿಯಲು ಹೋದ ತಾಯಿಯನ್ನು ಎರಡೂ ಕೈಯಿಂದ ಎಷ್ಟು ಜೋರಾಗಿ ದೂಡಿದಳೆಂದರೆ, ಹಾಲವ್ವನ ತಲೆ ಗೋಡೆಗೆ ಬಡಿದು ಅವಳು ಅಲ್ಲೇ ಕುಸಿದು ಕೂತಳು. ಮಗಳು ತಿರುಗಿ ನೋಡಲಿಲ್ಲ. ಸ್ಟೇಷನ್ ಕಡೆಗೆ ನಡೆದಳು.

ಗುರುಪಾದ ದೂರು ಕೊಡಲಿಲ್ಲ. ಕೊಟ್ಟರೆ ತಾನೂ ಒಳಗೆ ಹೋಗಬೇಕೆಂದು ಅವನಿಗೆ ಗೊತ್ತಿತ್ತು. ಕೈಗೆ ಪಟ್ಟಿ ಕಟ್ಟಿಕೊಂಡು ಅಕ್ಕನ ಬಾಗಿಲಿಗೆ ಬಂದ. ಅವಳು ತಟ್ಟೆ ಹಾಕಿ, ಅನ್ನ ಕಲಸಿ, ತುತ್ತು ಮಾಡಿ ಬಾಯಿಗಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ವಾರವಿಡೀ ಅವಳ ಹತ್ತಿರ ಮಾತು ಬಿಟ್ಟೆ.

ಶಿವಕುಮಾರಿ ಈಗ ಬೊರಿವಲಿಯಲ್ಲಿ ಹೆಂಗಸರ ಒಂದು ಹಾಸ್ಟೆಲಿನಲ್ಲಿ ಅಡುಗೆಗಿದ್ದಾಳೆ, ಮಲಗುವುದೂ ಅಲ್ಲೇ. ತಾಯಿಯ ನಂಬರು ಬ್ಲಾಕ್ ಮಾಡಿದ್ದಾಳೆ. ಹಾಲವ್ವ ಆಗಾಗ ಮೇಲೆ ಬಂದು "ನಿಮ್ಮ ಫೋನಿಂದ ಕುಮಾರಿಗಿ ಹಚ್ಚಿ ಕೊಡ್ರಿ ಬಾಯಾರ" ಅನ್ನುತ್ತಾಳೆ. ಹಚ್ಚುತ್ತೇನೆ. ಊಟವಾಯಿತೇ, ಬೆನ್ನಿನ ಗಾಯ ಮಾಸಿತೇ ಎಂದು ನಾನು ಕೇಳಿದ್ದಕ್ಕೆಲ್ಲ ಆ ಹುಡುಗಿ ಸಮಾಧಾನದಿಂದ ಉತ್ತರ ಕೊಡುತ್ತಾಳೆ. ಆಮೇಲೆ ಫೋನನ್ನು ಹಾಲವ್ವನ ಕೈಗೆ ಕೊಡುತ್ತೇನೆ. "ಕುಮಾರೀ, ನಾ ನಿಮ್ಮವ್ವ" ಅನ್ನುತ್ತಾಳೆ. ಅಷ್ಟಕ್ಕೇ ಫೋನು ಕಟ್ಟಾಗುತ್ತದೆ.