ಪಟದ ಹಿಂದಿನ ಮೊಳೆ

ಹೀಟರ್ ಕೆಟ್ಟಿರಲಿಲ್ಲ. ದೇವರ ಪಟಕ್ಕೆಂದು ನನ್ನ ಅಳಿಯ ಹೊಡೆದ ಮೊಳೆ ಗೋಡೆಯೊಳಗೆ ಹರಿದು ಮನೆ ಬೆಚ್ಚಗಿಡುವ ಬಿಸಿನೀರಿನ ಪೈಪನ್ನು ಚುಚ್ಚಿತ್ತು, ಅಷ್ಟೇ. ನೀರು ಸೋರಿ ಹೀಟರ್ ನಿಂತಿತು. ಮೆಲ್ಬರ್ನ್ ಚಳಿಯಲ್ಲಿ ಬಾಣಂತಿ ಮಗಳೂ ಕೂಸೂ ನಡುಗುತ್ತಿದ್ದರು.

ರಿಪೇರಿಗೆ ಬಂದ ಮುದುಕ ಮೆಕ್ಯಾನಿಕ್ ಬೂಟನ್ನು ಬಾಗಿಲಲ್ಲೇ ಬಿಟ್ಟ. ಜ್ವರ ನೋಡುವವರಂತೆ ಕೈಯ ಹಿಂಬದಿಯನ್ನು ಗೋಡೆಗೆ ಒತ್ತುತ್ತಾ ಸಾಗಿದ. ಏನು ಕೇಳಿದರೂ "ಸ್ಲೋಲಿ, ಮಮ್ಮಾ" ಎನ್ನುತ್ತಿದ್ದ.

"ಹೀಟರಿನ ಬಾಯ್ಲರೇ ಹೋಗಿದೆ ಅತ್ತೆ, ಹೊಸದು ಬುಕ್ ಮಾಡ್ತೀನಿ" ಎಂದ ಅಳಿಯ.

"ಅವನು ಹುಡುಕೋವರೆಗೂ ಸುಮ್ನಿರಿ ಅಳಿಯಂದ್ರೇ" ಎಂದೆ.

ಮುದುಕನ ಕೈ ವೆಂಕಟರಮಣನ ಪಟದ ಕೆಳಗೆ ನಿಂತಿತು. ಪಟ ಮುಟ್ಟದೆ ನನ್ನತ್ತ ತಿರುಗಿ, "ಮೇ ಐ, ಮಮ್ಮಾ?" ಎಂದ. ನಾನೇ ಇಳಿಸಿಕೊಟ್ಟೆ. ಮೊಳೆಯ ಸುತ್ತ ನೀರು ಜಿನುಗುತ್ತಿತ್ತು. ಅಳಿಯ ಫೋನನ್ನು ಜೇಬಿಗಿಳಿಸಿದ.

ಮುದುಕ ಅಲ್ಲಿ ಗೋಡೆ ಕೊರೆದು ಪೈಪಿಗೆ ಬೆಸುಗೆ ಹಾಕಿದ. ಸಂಜೆಗೆ ಮನೆ ಬೆಚ್ಚಗಾಯಿತು. ಮರುದಿನ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ ನೀರೆರೆದೆ. ಆಮೇಲೆ ಅಳಿಯನ ಸುತ್ತಿಗೆಯನ್ನು ನನ್ನ ಸೂಟ್‌ಕೇಸಿಗೆ ಹಾಕಿ ಬೀಗ ಜಡಿದೆ.